ರಾಜಾನಿಗೊಂದು ಒಡಪು

ಪಾರ್ವತವ್ವ ಗಂಡನ ಹೆಸರು ಹೇಳುವವಳಲ್ಲ. ಮದುವೆಯಾಗಿ ಬಂದ ದಿನ ನಾದಿನಿಯರು ಹೊಸ್ತಿಲಲ್ಲಿ ದಾರಿ ಕಟ್ಟಿದಾಗ, ಒಂದು ಒಡಪಿನಲ್ಲಿ ಸಿಕ್ಕಿಸಿ ಹೇಳಿದ್ದೇ ಮೊದಲು, ಅದೇ ಕೊನೆ. ಒಡಪು ಎಂದರೆ ಎರಡು ಸಾಲಿನ ಪ್ರಾಸ. ಪ್ರಾಸದ ಮರೆಯಲ್ಲಿ ಹೆಸರು ಬಂದರೆ ಗಂಡನ ಆಯುಷ್ಯಕ್ಕೆ ಏನೂ ಆಗುವುದಿಲ್ಲ. ಬರಿದೇ ಬಂದರೆ ಕಡಿಮೆಯಾಗುತ್ತದೆ. ಯಮನಿಗೆ ಕಾವ್ಯದ ಮೇಲೆ ಅಷ್ಟು ಗೌರವ.

ಗಂಡ ರಾಜಶೇಖರಯ್ಯನಿಗೆ ಶಿರಸಿ ಪೇಟೆಯಲ್ಲಿ ಪಾತ್ರೆ ಅಂಗಡಿ. ಜನಗಣತಿಯವನು ಮನೆಗೆ ಬಂದು ಯಜಮಾನರ ಹೆಸರು ಕೇಳಿದಾಗ ಆಕೆ, "ಪ್ಯಾಟಿಗೆ ಹೋಗ್ರಿ, ಅಂಗಡಿ ಬೋರ್ಡಿನ ಮ್ಯಾಲೆ ಐತಿ" ಎಂದು ಕಳಿಸಿದ್ದಳು. ಅವನು ಹೋಗಿ ಬೋರ್ಡು ಓದಿ, ಬಂದ ತಪ್ಪಿಗೆ ಒಂದು ಸ್ಟೀಲ್ ಡಬ್ಬಿಯನ್ನೂ ಕೊಂಡ. ವ್ಯಾಪಾರಕ್ಕೂ ಅನುಕೂಲವಾಗುವ ಪಾತಿವ್ರತ್ಯಕ್ಕೆ ರಾಜಶೇಖರಯ್ಯನ ತಕರಾರಿರಲಿಲ್ಲ. ರಾಜಗಿರಿ ಸೊಪ್ಪು ಆ ಮನೆಯಲ್ಲಿ "ಆ ಸೊಪ್ಪು" ಆಯಿತು. ಮಕ್ಕಳಿಗೆ ಹೇಳುವ ಕಥೆಗಳಲ್ಲಿ ರಾಜರೆಲ್ಲ ಸಿಂಹಾಸನ ಕಳೆದುಕೊಂಡು "ದೊಡ್ಡ ಮನಿಯಾಂವ" ಆದರು.

ಹೀಗಿರುವಾಗ, ತೊಂಬತ್ತಾರರ ಬೇಸಿಗೆಯಲ್ಲಿ, ಯಲ್ಲಾಪುರದಲ್ಲಿ ಗುಮಾಸ್ತನಾಗಿದ್ದ ಮೈದುನ ರವೀಂದ್ರನಿಗೆ ವರ್ಗವಾಯಿತು. ಅವನು ಸಾಮಾನನ್ನು ಲಾರಿಗೆ ಹೇರಿಸಿ, ನಾಯಿಯನ್ನು ಅತ್ತಿಗೆಯ ಅಂಗಳದಲ್ಲಿ ಬಿಟ್ಟ. ಕಂದು ಮೈಯ, ಒಂದು ಕಿವಿ ಮಡಿಚಿಕೊಂಡ, ಆಗಲೇ ಬೆಳೆದು ನಿಂತ ನಾಯಿ.

"ಬಾಳ ಶ್ಯಾಣ್ಯಾ ಅದಾನ್ರಿ ವೈನಿ. ಹೆಸರು ಹಿಡಿದು ಕರದ್ರ ಸಾಕು, ಎಲ್ಲಿದ್ರೂ ಓಡಿ ಬರ್ತಾನ."

"ಏನಪಾ ಹೆಸರು?"

"ರಾಜಾ."

ರವೀಂದ್ರನಿಗೆ ಏನೂ ಹೊಳೆಯಲಿಲ್ಲ. ಅಣ್ಣನನ್ನು ಅಣ್ಣಾ ಎಂದು ಕರೆಯುವವನಿಗೆ ಹೊಳೆಯಬೇಕಾಗಿಯೂ ಇಲ್ಲ. ಇಡೀ ಮನೆಯಲ್ಲಿ ತೊಂದರೆ ಒಬ್ಬಳಿಗೇ ಆದ್ದರಿಂದ ಅದು ತೊಂದರೆಯೆಂದು ಯಾರಿಗೂ ಅನಿಸಲಿಲ್ಲ.

ಪಾರ್ವತವ್ವ "ಮೋತಿ" ಎಂದು ಕರೆದು ನೋಡಿದಳು. ನಾಯಿ, ಮೋತಿ ಯಾರಿರಬಹುದು ಎಂದು ಹಿಂದೆ ತಿರುಗಿ ನೋಡಿತು. ಕೊನೆಗೆ ಒಂದು ಮುಂಜಾನೆ ಆಕೆ ಪಡಸಾಲೆಯ ಬಾಗಿಲಲ್ಲಿ ನಿಂತು ಗಂಡನನ್ನು ಎಂದಿನಂತೆ "ಇಲ್ನೋಡ್ರಿ" ಎಂದು ಕರೆದಳು. ರಾಜಶೇಖರಯ್ಯ ಎಂದಿನಂತೆ ಪೇಪರಿನಿಂದ ತಲೆ ಎತ್ತಲಿಲ್ಲ. ನಾಯಿ ಮಾತ್ರ ಅಂಗಳದಿಂದ ಓಡಿ ಬಂದು, ಬಾಲ ಅಲ್ಲಾಡಿಸುತ್ತ ಆಕೆಯ ಮುಂದೆ ಕೂತಿತು.

ಅಂದಿನಿಂದ ಅದಕ್ಕೆ ಆಕೆಯ ಬಾಯಲ್ಲಿ ಅದೇ ಹೆಸರು: ಇಲ್ನೋಡ್ರಿ. ಗಂಡ, ಮಕ್ಕಳು ಹೊರಗೆ ಹೋದ ಮೇಲೆ, ಮಧ್ಯಾಹ್ನದ ಬಿಸಿಲು ನೆಲಕ್ಕೆ ಹಾಸಿದ ಕಲ್ಲಿನ ಫರಸಿಯಿಂದ ಫರಸಿಗೆ ಸರಿಯುವಾಗ ನಾಯಿಯೂ ಆಕೆಯ ಮೊರದ ಪಕ್ಕದಲ್ಲಿ ಒಂದೊಂದೇ ಫರಸಿ ಸರಿಯುತ್ತಿತ್ತು. ಆಕೆ ಬೇಳೆ ಆರಿಸುತ್ತ ಏನೇನೋ ಹೇಳುತ್ತಿದ್ದಳು. ನಡುವೆ ಎದ್ದು ಹೋಗದೆ ಕೇಳುವವರು ಆ ಮನೆಯಲ್ಲಿ ಅದೊಂದೇ.

ದಿನಾ ಮುಂಜಾನೆ ರಾಜಶೇಖರಯ್ಯನ ಹಿಂದೆ ಹೋಗಿ ಪಾತ್ರೆ ಅಂಗಡಿಯಲ್ಲಿ ಓಡಾಡಿ ಬರುವ ನಾಯಿ. ಹಿತ್ತಾಳೆ ಕೊಳಗ ಪಕ್ಕದಲ್ಲೇ ಉರುಳಿದರೂ ಕಣ್ಣು ಬಿಡುತ್ತಿರಲಿಲ್ಲ. ಆದರೆ ಒಂದು ಲವಂಗಿ ಪಟಾಕಿ ಸಿಡಿದರೂ ಅದರ ಮೈಯೆಲ್ಲ ನಡುಗುತ್ತಿತ್ತು. ದೀಪಾವಳಿಗೆ ಪಾರ್ವತವ್ವ ತನ್ನದೇ ಒಂದು ಕ್ರಮ ಕಂಡುಕೊಂಡಿದ್ದಳು. ನೆಂಟರು ಬರುವ ಮೊದಲೇ ಅದನ್ನು ಕೋಟೆಕೆರೆಯ ತನಕ ಅಡ್ಡಾಡಿಸಿ, ಮಜ್ಜಿಗೆ ಅನ್ನ ಹಾಕಿ, ಪಾತ್ರೆ ಇಡುವ ಹಿಂದಿನ ಕೋಣೆಯಲ್ಲಿ ತನ್ನ ಹಳೆಯ ಸೀರೆ ಹಾಸಿ ಮಲಗಿಸುವುದು. ಕಿಟಕಿಗೆ ಗೋಣಿತಾಟು. ಹೊರಗೆ ಸದ್ದು ಜೋರಾದಾಗ ಒಳಗೆ ಹೋಗಿ, ಒಂದು ತಂಬಿಗೆಯನ್ನು ಬೆರಳಲ್ಲಿ ಮೆಲ್ಲಗೆ ಬಡಿಯುತ್ತ ಕೂರುವುದು. ಪರಿಚಯದ ಸದ್ದು ಕೇಳಿದರೆ ಅದಕ್ಕೆ ಸಮಾಧಾನ.

ಎರಡು ದೀಪಾವಳಿ ಹೀಗೆ ಸುಖವಾಗಿ ಕಳೆದವು. ಮೂರನೆಯದಕ್ಕೆ ರಾಜಶೇಖರಯ್ಯನ ಅಕ್ಕ ಗಂಗಾಂಬಿಕಾ ಬನವಾಸಿಯಿಂದ ತನ್ನ ಹೊಸ ಸೊಸೆಯನ್ನೂ ಪ್ರಾಣಿದಯೆಯನ್ನೂ ಕರೆದುಕೊಂಡು ಬಂದಳು.

"ಹಬ್ಬದ ದಿನ ಮೂಕ ಪ್ರಾಣೀನ ಕತ್ತಲ್ಯಾಗ ಕೂಡಿ ಹಾಕೀಯಲ್ಲ, ಪಾರ್ವತಿ! ನಿನಗ ಕರುಳ ಐತೋ ಇಲ್ಲೋ?"

"ಪಟಾಕಿಗೆ ಅಂಜತೈತ್ರಿ ಅಕ್ಕಾರ."

"ಎಲ್ಲಾರ ಕೂಡ ಇದ್ರ ಅಂಜಿಕಿ ಹೋಗತೈತಿ, ಬಿಡು."

ಕರುಳಿದ್ದ ಗಂಗಾಂಬಿಕಾ ಕೋಣೆಯ ಬಾಗಿಲು ತೆರೆದು, ತುಪ್ಪ ಹಚ್ಚಿದ ಹೋಳಿಗೆ ತಿನ್ನಿಸಿ, ನಾಯಿಯನ್ನು ಮನೆ ತುಂಬಿದ ಜನರ ನಡುವೆ ತಂದು ಬಿಟ್ಟಳು. ಬಿಟ್ಟು, ಅದನ್ನು ಮರೆತಳು.

ಆ ಮನೆಯಲ್ಲಿ ಆ ಹೊತ್ತು ಎಂಟು ಹತ್ತು ಗರತಿಯರಿದ್ದರು, ಒಬ್ಬರೂ ಗಂಡನ ಹೆಸರು ಹೇಳುವವರಲ್ಲ.

"ಇಲ್ನೋಡ್ರಿ, ಕೂಸಿನ್ನ ಹಿಡೀರಿ."

ನಾಯಿ ಓಡಿತು. "ಹಚಾ!"

"ಇಲ್ನೋಡ್ರಿ, ಟ್ರಂಕಿನ ಕೀಲಿ ಎಲ್ಲೈತಿ?"

ನಾಯಿ ಮೆಟ್ಟಿಲು ಹತ್ತಿ ಓಡಿತು. "ಹಚಾ! ಯಾರದಿದು ನಾಯಿ, ಮೈಮ್ಯಾಲೆ ಬರ್ತೈತಿ?"

ಪಡಸಾಲೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಜಗಲಿಗೆ, ಕರೆದವರ ಕಡೆಗೆಲ್ಲ ಓಡಿ, ಎಲ್ಲರಿಂದಲೂ ಬೈಸಿಕೊಂಡು, ದೀಪ ಹಚ್ಚುವ ಹೊತ್ತಿಗೆ ಅದು ಬಾಲ ಒಳಗೆಳೆದುಕೊಂಡು ಮೂಲೆ ಸೇರಿತು. ಪಾರ್ವತವ್ವ ಕರಿಯುತ್ತಿದ್ದ ಹಪ್ಪಳ ಬಿಟ್ಟು ಬರುವಷ್ಟರಲ್ಲಿ, ಹೆಂಗಸರು ಹೊಸ ಸೊಸೆಯನ್ನು ಒಡಪು ಹೇಳೆಂದು ಕಾಡುತ್ತಿದ್ದರು. ಅಂಗಳದಲ್ಲಿ ರವೀಂದ್ರ, ಹಬ್ಬಕ್ಕೆಂದು ಬಂದವನು, ಮಾಲೆ ಪಟಾಕಿಗೆ ಊದುಬತ್ತಿ ಮುಟ್ಟಿಸಿದ.

ನಾಯಿ ಗೇಟು ಹಾರಿ ಹೋಯಿತು.

ಪಾರ್ವತವ್ವ ಚಪ್ಪಲಿ ಕೂಡ ಮೆಟ್ಟದೆ ಹಿಂದೆ ಓಡಿದಳು. ಅದು ಹೋಗುವುದಾದರೆ ಅಂಗಡಿಗೇ ಎಂದು ಆಕೆಗೆ ಗೊತ್ತಿತ್ತು. ಅಂಗಡಿಯ ಮುಂದೆ ಪೂಜೆಯ ಗದ್ದಲ. ಕೆರಿಯಪ್ಪನೆಂಬ ಡ್ರೈವರ್ ತನ್ನ ಲಾರಿಗೂ ಅಲ್ಲೇ ಪೂಜೆ ಮಾಡಿಸಿ, ಗಾಲಿಗಳಡಿ ನಿಂಬೆಹಣ್ಣು ಇಟ್ಟು, ಎಂಜಿನ್ ಚಾಲೂ ಮಾಡಿ ಕೂತಿದ್ದ. ನಾಯಿ ಆ ಲಾರಿಯ ಕೆಳಗೆ ನುಸುಳಿ, ಹಿಂದಿನ ಗಾಲಿಗೆ ಅಂಟಿಕೊಂಡು ಕೂತಿತ್ತು.

"ನಿಲ್ಲಸಪಾ! ನಾಯಿ ಐತಿ!"

"ಗಳಿಗಿ ಮೀರತೈತಿ" ಎಂದರು ಪೂಜೆ ಮಾಡಿಸಲು ಬಂದ ಅಯ್ಯನವರು.

"ಲಾರಿ ಉರುಳಿದ್ರ ತಾನ ಎದ್ದು ಓಡತೈತಿ ಬಿಡ್ರಿ, ಅವ್ವಾರ" ಎಂದ ಕೆರಿಯಪ್ಪ, ನಾಯಿಗಳನ್ನು ಬಲ್ಲವನಂತೆ. ಯಾರೋ ಹಾರ್ನ್ ಹೊಡೆಸಿದರು. ಅದು ಗಾಲಿಯನ್ನು ಇನ್ನಷ್ಟು ಅಪ್ಪಿಕೊಂಡಿತು. ಯಾರೋ ಬಿದಿರಿನ ಗಳ ತೂರಿಸಿದರು, ಹಲ್ಲು ತೋರಿಸಿತು. ಏದುಸಿರು ಬಿಡುತ್ತ ಬಂದ ರವೀಂದ್ರ "ರಾಜಾ, ರಾಜಾ" ಎಂದು ಬಗ್ಗಿದ. ಅವನ ಕೈ ಮದ್ದಿನ ವಾಸನೆ ಹೊಡೆಯುತ್ತಿತ್ತು. ನಾಯಿ ಮುಖ ತಿರುಗಿಸಿತು.

ಪಾರ್ವತವ್ವ ರಸ್ತೆಯಲ್ಲಿ ಮಂಡಿಯೂರಿ ಕರೆದಳು. "ಇಲ್ನೋಡ್ರಿ!"

ಕೆರಿಯಪ್ಪ ನೋಡಿದ. ಅಯ್ಯನವರು ನೋಡಿದರು. ಪಕ್ಕದ ಕಿರಾಣಿಯವನು ನೋಡಿದ. ಆರತಿ ತಟ್ಟೆ ಹಿಡಿದಿದ್ದ ರಾಜಶೇಖರಯ್ಯ ಕೂಡ ಜೀವಮಾನದಲ್ಲಿ ಮೊದಲ ಸಲ ನೋಡಿದ. ನಾಯಿ ನೋಡಲಿಲ್ಲ. ಆ ಕರೆಗೆ ಬೆಳಗಿನಿಂದ ಹಚಾ ಎನಿಸಿಕೊಂಡು ಅದಕ್ಕೆ ಸಾಕಾಗಿತ್ತು.

ಲಾರಿ ಗೇರಿಗೆ ಬಿದ್ದು ಮೈ ಕೊಡವಿತು. ಹಿಂದೆಯೇ ಬಂದ ಗಂಗಾಂಬಿಕಾ, ಸೊಸೆ, ಅಂಗಡಿಕಾರರು, ಅರ್ಧ ಪೇಟೆಯೇ ಅಲ್ಲಿ ನಿಂತಿತ್ತು. ಪಾರ್ವತವ್ವ ಒಮ್ಮೆ ಗಂಡನ ಕಡೆ, ಒಮ್ಮೆ ಗಾಲಿಯ ಕಡೆ ನೋಡಿದಳು. ಕಣ್ಣು ಮುಚ್ಚಿ, ಎಂಜಿನ್ನಿಗಿಂತ ಗಟ್ಟಿಯಾಗಿ ಹೇಳಿದಳು:

"ಹಬ್ಬಕ್ಕ ಮಾಡೇನಿ ಹೋಳಿಗಿ ತಾಜಾ,
ಗಾಲಿ ಕೆಳಗಿಂದ ಹೊರಗ ಬಾರೋ ರಾಜಾ!"

ಮಡಿಚಿದ ಕಿವಿ ನೆಟ್ಟಗಾಯಿತು. ತಾನು ನಂಬುವ ಆ ದನಿಯಲ್ಲಿ ತನ್ನ ನಿಜವಾದ ಹೆಸರನ್ನು ಅದು ಎರಡು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ತೆವಳಿಕೊಂಡು ಬಂದು ಆಕೆಯ ಮಡಿಲಿಗೆ ಬಿತ್ತು. ಲಾರಿ ಉರುಳಿತು, ನಿಂಬೆಹಣ್ಣು ಒಡೆಯಿತು, ಗಳಿಗೆ ಮೀರಲಿಲ್ಲ. ಜಗತ್ತು ಉಳಿಯಿತು.

ಮೊದಲು ಬಾಯಿ ಬಂದದ್ದು ಗಂಗಾಂಬಿಕಾಳಿಗೆ. "ನಡು ಪ್ಯಾಟ್ಯಾಗ, ಗಂಡನ ಹೆಸರು ಹಿಡಿದು, ಬಾರೋ ಅಂದ್ಯಲ್ಲವಾ!"

"ನಾಯಿಗೆ ಅಂದೆ, ಅಕ್ಕಾರ."

"ಹೆಸರು ಒಂದ ಅಲ್ಲೇನು?"

"ಒಡಪಿನ್ಯಾಗ ಅಂದೇನಿ" ಎಂದಳು ಪಾರ್ವತವ್ವ, ಸೆರಗಿನಿಂದ ನಾಯಿಯ ಮೈಯ ಗ್ರೀಸು ಒರೆಸುತ್ತ. "ಆಯುಷ್ಯ ಇಬ್ಬರದೂ ಗಟ್ಟಿ ಐತಿ."

ಆಮೇಲೆ ಆಕೆ ನಾಯಿಯನ್ನು ಒಡಪು ಹಾಕಿಯೇ ಕರೆಯತೊಡಗಿದಳು. ಶ್ಯಾಣ್ಯಾ ನಾಯಿ; "ಹೋಳಿಗಿ ತಾಜಾ" ಎನ್ನುವಷ್ಟರಲ್ಲೇ ಬಂದು ನಿಲ್ಲುತ್ತಿದ್ದರಿಂದ ಎರಡನೆಯ ಸಾಲಿನ ಅಗತ್ಯವೇ ಬೀಳಲಿಲ್ಲ. ಮರುವರ್ಷದ ದೀಪಾವಳಿಗೆ ಹಿಂದಿನ ಕೋಣೆಗೆ ಬೀಗ ಬಿತ್ತು, ಕೀಲಿ ಪಾರ್ವತವ್ವನ ಸೊಂಟದಲ್ಲಿತ್ತು. ಹೊರಗೆ ಗರತಿಯರು ಎಷ್ಟು ಸಲ ಇಲ್ನೋಡ್ರಿ ಎಂದರೂ ನಾಯಿ ಹಳೆಯ ಸೀರೆಯ ಮೇಲಿಂದ ಏಳಲಿಲ್ಲ. ಆ ಕರೆ ಮತ್ತೆ ರಾಜಶೇಖರಯ್ಯನೊಬ್ಬನ ಸ್ವತ್ತಾಗಿತ್ತು.

ಅವನು ಎಂದಿನಂತೆ ಪೇಪರಿನಿಂದ ತಲೆ ಎತ್ತಲಿಲ್ಲ.