ಅಪ್ಪನ ಎದೆಯೊಳಗಿನ ಸ್ಕ್ರೂ

ಹೋದ ವರ್ಷ ನಾಗರಪಂಚಮಿಗೆ ಎರಡು ದಿನ ಮೊದಲು ನಡೆದದ್ದು ಇದು. ಹಬ್ಬಕ್ಕೆ ತಮ್ಮ ಅಕ್ಕನನ್ನು, ಅಂದರೆ ನನ್ನ ಅತ್ತೆಯನ್ನು, ತವರಿಗೆ ಕರೆತರಲು ಅಪ್ಪ ಪ್ರತಿವರ್ಷದಂತೆ ಖಾನಾಪುರಕ್ಕೆ ಹೋಗಿದ್ದರು. ಅತ್ತೆಯ ಅಂಗಳದಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದವರು ಹಾಗೆಯೇ ಕುಸಿದರು. ಅರ್ಧ ನಿಮಿಷದಲ್ಲಿ ಎಚ್ಚರವಾಯಿತಂತೆ. ಅಲ್ಲಿನ ಆಸ್ಪತ್ರೆಯಲ್ಲಿ ಇಸಿಜಿ ತೆಗೆದವರು, ನಾಡಿ ನಿಮಿಷಕ್ಕೆ ಮೂವತ್ನಾಲ್ಕೇ ಇದೆ, ಕೂಡಲೇ ಬೆಳಗಾವಿಗೆ ಕರೆದೊಯ್ಯಿರಿ ಎಂದರು.

ನಾನು ಕಾಯುತ್ತಿದ್ದ ಬೆಳಗಾವಿಯ ಆಸ್ಪತ್ರೆಯ ಮುಂದೆ ಆಂಬುಲೆನ್ಸಿನಿಂದ ಇಳಿದ ಅತ್ತೆಯ ಕೈಯಲ್ಲಿ ಹಬ್ಬದ ಚೀಲ ಹಾಗೆಯೇ ಇತ್ತು. "ನನ್ನ ಕರಿಯಾಕ ಬಂದಾಂವನ್ನ ನಾನ ಕರ್ಕೊಂಡು ಬಂದೇನಿ ನೋಡವಾ," ಎಂದು ಅತ್ತರು.

ಅಪ್ಪನಿಗೆ ಆಟೋ ನಗರದಲ್ಲಿ ಎಂಜಿನ್ ರಿಪೇರಿಯ ಸಣ್ಣ ವರ್ಕ್‌ಶಾಪ್ ಇದೆ. ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಅಮ್ಮ ತೀರಿಕೊಂಡ ಮೇಲೆ ಮನೆಯ ಕಾಗದಪತ್ರವೆಲ್ಲ ನೋಡುವುದು ನಾನೇ. ಹಾಗಾಗಿ ಡಾಕ್ಟರ ಕೋಣೆಗೂ ನಾನೊಬ್ಬಳೇ ಹೋದೆ.

ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಸಂಕೇತ ಹೋಗುವ ದಾರಿ ಕಡಿದುಹೋಗಿತ್ತು. ಪೇಸ್‌ಮೇಕರ್ ಹಾಕಲೇಬೇಕು. ಅದರ ತಂತಿಯ ತುದಿಯನ್ನು ಎಲ್ಲಿ ಕೂಡಿಸುವುದು ಎಂಬುದಷ್ಟೇ ಪ್ರಶ್ನೆ. ಹಳೆಯ ಪದ್ಧತಿಯಲ್ಲಿ ಅದು ಬಲಭಾಗದ ಕೆಳಕೋಣೆಯಲ್ಲಿರುತ್ತದೆ. ಬಲಭಾಗ ಮೊದಲು, ಎಡಭಾಗ ತುಸು ತಡವಾಗಿ ರಕ್ತವನ್ನು ಹಿಂಡುತ್ತದೆ. ಬಹಳ ಜನರಿಗೆ ಇದರಿಂದ ತೊಂದರೆಯಿಲ್ಲ. ಆದರೆ ಅಪ್ಪನ ಹಾಗೆ ಪ್ರತಿ ಬಡಿತಕ್ಕೂ ಯಂತ್ರವನ್ನೇ ನಂಬಬೇಕಾದವರಲ್ಲಿ ಕೆಲವರ ಹೃದಯ ವರ್ಷಗಳು ಕಳೆದಂತೆ ಬಲ ಕಳೆದುಕೊಳ್ಳಬಹುದು. ಹೊಸ ಪದ್ಧತಿಯಲ್ಲಿ ತುದಿಯ ಸಣ್ಣ ಸ್ಕ್ರೂವನ್ನು ಹೃದಯದ ನಡುಗೋಡೆಯೊಳಗೆ ತಿರುಗಿಸಿ, ಅದರ ಸ್ವಂತ ವಿದ್ಯುತ್ ದಾರಿಯ ಪಕ್ಕದಲ್ಲೇ ಕೂಡಿಸುತ್ತಾರೆ. ಎರಡೂ ಭಾಗ ಹೆಚ್ಚುಕಡಿಮೆ ಒಟ್ಟಿಗೆ ಹಿಂಡುತ್ತವೆ. ಆದರೆ ಅದರ ದೀರ್ಘಕಾಲದ ಅನುಭವ ಇನ್ನೂ ಕಡಿಮೆ, ಎಲ್ಲರಲ್ಲೂ ಅದು ಕೂಡುವುದೂ ಇಲ್ಲ.

ನಾನು ಹಾಳೆಯ ಮೇಲೆ ಎರಡು ಕಾಲಂ ಎಳೆದು ಎಲ್ಲವನ್ನೂ ಬರೆದೆ. ಹೊಸದೇ ಸರಿ ಎನಿಸಿತು. "ಅಪ್ಪನಿಗೆ ಇಷ್ಟೆಲ್ಲ ಹೇಳಬೇಡಿ, ಗಾಬರಿಯಾಗುತ್ತಾರೆ," ಎಂದೆ. ಡಾಕ್ಟರು, "ಅವರಿಗೆ ಹೇಳೂದು ನನ್ನ ಕೆಲಸರೀ," ಎಂದಷ್ಟೇ ಅಂದರು. ನಾನು ಬಟ್ಟೆ ತರಲು ಶಿವಬಸವ ನಗರದ ಮನೆಗೆ ಹೋದಾಗ ಅವರು ಅಪ್ಪನ ಮಂಚದ ಬಳಿ ಕುಳಿತು ಚಿತ್ರ ಬರೆದು ವಿವರಿಸಿದ್ದು ನನಗೆ ಆಮೇಲೆ ತಿಳಿಯಿತು.

ಮರುದಿನ ಬೆಳಿಗ್ಗೆ ಒಪ್ಪಿಗೆ ಪತ್ರ ಹಿಡಿದು, "ಹೊಸದ ಹಾಕ್ತಾರಪ್ಪಾ, ಇಲ್ಲಿ ಸಹಿ ಮಾಡು," ಎಂದೆ. ಅಪ್ಪ ಒಂದು ಕ್ಷಣ ನನ್ನ ಮುಖ ನೋಡಿ, ನಾನು ಬೆರಳಿಟ್ಟಲ್ಲಿ ಸಹಿ ಮಾಡಿದರು. ಆಪರೇಶನ್ ಕೋಣೆಯ ಬಾಗಿಲಲ್ಲಿ ಡಾಕ್ಟರಿಗೆ ಮತ್ತೊಮ್ಮೆ ಹೇಳಿದೆ: "ಎಷ್ಟು ಹೊತ್ತಾದರೂ ಸರಿ, ಹೊಸದೇ ಆಗಲಿ."

ಹೇಳಿದ್ದಕ್ಕಿಂತ ಒಂದು ತಾಸು ಹೆಚ್ಚೇ ಆಯಿತು. ಅತ್ತೆ ನನ್ನ ಕೈ ಬಿಡಲೇ ಇಲ್ಲ. ಕೊನೆಗೆ ಡಾಕ್ಟರು ಹೊರಬಂದರು.

"ಅವರು ಆರಾಮ ಅದಾರ್ರಿ. ಆದರ ಹೊಸಾದು ಆಗ್ಲಿಲ್ಲ. ಮೂರು ಕಡೆ ನೋಡಿದೆ, ಸ್ಕ್ರೂ ಹಿಡೀಲಿಲ್ಲ. ಹಳೇ ಪದ್ಧತೀನ ಮಾಡೇವಿ."

"ಇನ್ನೊಮ್ಮೆ ನೋಡಬಹುದಿತ್ತಲ್ಲ?" ನನ್ನ ದನಿ ನನಗೇ ಗಡುಸಾಗಿ ಕೇಳಿಸಿತು.

"ನೀವು ಅಷ್ಟು ಹೇಳಿದ್ರಂತ ನೋಡಾಂವ ಇದ್ದೆ. ಬರೇ ಆ ಜಾಗಾ ಜೋಮು ಹಿಡಿಸಿದ್ವಿ, ನಿಮ್ಮ ತಂದೆಯವರು ಎಚ್ಚರ ಇದ್ರಲ್ಲ, ಅವರನ್ನ ಕೇಳಿದೆ. 'ಥ್ರೆಡ್ ಹಿಡೀಲಿಲ್ಲಂದ್ರ ಜಬರ್ದಸ್ತಿ ಮಾಡಬ್ಯಾಡ್ರಿ ಸಾಹೇಬ್ರ, ತೂತು ದೊಡ್ಡದಾಗತೈತಿ' ಅಂದ್ರು. ಖರೇ ಅಂದ್ರ, ನನಗೂ ಅದ ಅಂಜಿಕಿ ಇತ್ತು."

ಸಂಜೆ ವಾರ್ಡಿಗೆ ಹೋದಾಗ ಅಪ್ಪ ಅತ್ತೆಗೆ ಹೇಳುತ್ತಿದ್ದರು: "ನಾವು ಎಂಜಿನ್ ಬಂದ್ ಮಾಡಿ ಬಿಚ್ಚತೀವಿ ಅಕ್ಕಾ. ಇವರು ಚಾಲೂ ಇದ್ದಾಗನ ಕೈ ಹಾಕ್ತಾರ! ನಮ್ಮಕಿಂತ ಶಾಣ್ಯಾರು." ಅತ್ತೆ, "ಬಾಯಿ ಮುಚ್ಚಿ ಮಕ್ಕೊ," ಎಂದು ಗದರಿದರು.

ಅತ್ತೆ ಚಹಾ ತರಲು ಹೋದಾಗ ನಾನು ಕೇಳಿದೆ: "ಹೊಸದು ಬ್ಯಾಡಾಗಿತ್ತೇನಪ್ಪಾ ನಿನಗ?"

"ಬೇಕಾಗಿತ್ತು. ಎರಡೂ ಬಾಜು ಕೂಡೇ ಬಡಿಯೂದು ಚಲೋ ಅಲ್ಲೇನು? ಟೈಮಿಂಗ್ ತಪ್ಪಿದ ಎಂಜಿನ್ ಎಷ್ಟು ನೋಡೀನಿ ನಾ. ಆದರ ಹಿಡೀಲಿಲ್ಲ." ನನ್ನ ಕಡೆ ತಿರುಗಿ, "ಡಾಕ್ಟರು ನನ್ನ ಕೇಳಿದ್ರು. ನೀ ಕೇಳಲಿಲ್ಲ ನೋಡವಾ," ಎಂದರು. ಸಿಟ್ಟಿನಿಂದಲ್ಲ, ನಟ್ಟು ಬಿಚ್ಚುವ ಪಾನಾ ಎಲ್ಲಿಟ್ಟೆ ಎಂದು ಕೇಳುವ ದನಿಯಲ್ಲಿ.

ಎರಡು ಕಾಲಂಗಳ ಆ ಹಾಳೆ ಪರ್ಸಿನಲ್ಲೇ ಇತ್ತು.

ಈಗ ಅಪ್ಪ ಮತ್ತೆ ವರ್ಕ್‌ಶಾಪಿಗೆ ಹೋಗುತ್ತಾರೆ. ಪೇಸ್‌ಮೇಕರಿಗೆ ಅಡ್ಡಿಯಾಗದಿರಲೆಂದು ವೆಲ್ಡಿಂಗ್ ಮಾಡುವುದಿಲ್ಲ, ಚಾಲೂ ಇರುವ ಎಂಜಿನ್ ಮೇಲೆ ಬಗ್ಗುವುದಿಲ್ಲ. ತುಸು ದೂರ ನಿಂತೇ ಸದ್ದು ಕೇಳುತ್ತಾರೆ. ಹೃದಯದ ಬಲ ಕುಗ್ಗುತ್ತಿದೆಯೇ ಎಂದು ಆಗಾಗ ಸ್ಕ್ಯಾನ್ ಮಾಡಿಸಬೇಕು. ಇದುವರೆಗೆ ಕುಗ್ಗಿಲ್ಲ. ಮುಂದೆ ಕುಗ್ಗಿದರೆ ಏನು ಮಾಡಬಹುದು ಎಂಬುದನ್ನು ಡಾಕ್ಟರು ಹೇಳಿದ್ದಾರೆ, ನಮ್ಮಿಬ್ಬರಿಗೂ. ಪ್ರತಿ ಸಲ ಡಾಕ್ಟರ ಕೋಣೆಯ ಬಾಗಿಲು ತೆರೆಯುವಾಗ ನನಗೆ ಈಗಲೂ ಹೆದರಿಕೆಯಾಗುತ್ತದೆ. ಆದರೆ ಫೈಲು ಅಪ್ಪನ ಕೈಯಲ್ಲಿರುತ್ತದೆ. ಡಾಕ್ಟರ ಎದುರಿನ ಕುರ್ಚಿಯಲ್ಲಿ ಅವರು ಕೂರುತ್ತಾರೆ, ನಾನು ಪಕ್ಕದ ಕುರ್ಚಿಯಲ್ಲಿ.