ಟ್ಯಾಕ್ಸಿ ಗಾಡಿಯ ಡಿಸ್ಕ್

ಹುಬ್ಬಳ್ಳಿಯಲ್ಲಿ ಕಾರಿನ ಬಿಡಿಭಾಗ ಮಾರುವವರಿಗೇನೂ ಬರವಿಲ್ಲ. ಆದರೆ ಯಾವ ಗಾಡಿಯ ಸಾಮಾನು ಯಾವ ಗಾಡಿಗೆ ಕೂರುತ್ತದೆ ಎಂದು ಕೇಳಲು ಮೆಕ್ಯಾನಿಕ್‌ಗಳು ನನ್ನ ಅಂಗಡಿಗೇ ಬರುತ್ತಿದ್ದರು. ಹಳೆಯ ಸಾಮಾನನ್ನು ಪೇಪರಿನಲ್ಲಿ ಸುತ್ತಿ ತಂದು ಕೌಂಟರಿನ ಮೇಲಿಡುವುದು ಅವರ ರೂಢಿ. ಅದರ ಮೇಲೆ ಹೊಸದನ್ನಿಟ್ಟು, ತೂತಿಗೆ ತೂತು ಹೊಂದಿತೆಂದರೆ ಕೊಟ್ಟು ಕಳಿಸುವುದು ನನ್ನ ರೂಢಿ. ಕಂಪನಿಗಳು ಮಾಡುವುದೂ ಇದನ್ನೇ ಅಲ್ಲವೇ? ಬಿರುಗಾಳಿಯಂತೆ ಓಡುತ್ತದೆ ಎಂದು ಮಾರುವ ಗಾಡಿಯ ಬಾಗಿಲ ಹಿಡಿಕೆ, ಕನ್ನಡಿ, ಸ್ವಿಚ್ಚು ಎಲ್ಲವೂ ಅದೇ ಕಂಪನಿಯ ಟ್ಯಾಕ್ಸಿ ಗಾಡಿಯವು. ಅದನ್ನು ಕೊಂಡು ಬೀಗುವವರನ್ನು ಕಂಡರೆ ಒಳಗೊಳಗೇ ನಗುತ್ತಿದ್ದೆ.

ಅಂಥದೊಂದು ಗಾಡಿಯನ್ನು ನನ್ನ ಶಾಲೆಯ ಗೆಳೆಯ ಕೊಂಡ. ನವನಗರದವನು, ಅರಳೆ ವ್ಯಾಪಾರಿ. ಬೀಡಿಯಿಲ್ಲ, ಇಸ್ಪೀಟಿಲ್ಲ. ಜೋರಾಗಿ ಗಾಡಿ ಓಡಿಸುವುದೊಂದೇ ಅವನ ಚಟ. ಒಂದು ದಿನ ಸವೆದ ಬ್ರೇಕ್ ಡಿಸ್ಕ್ ಹಿಡಿದುಕೊಂಡು ಬಂದ. ಕಂಪನಿಯಿಂದ ಹೊಸದು ಬರಲು ತಿಂಗಳು ಬೇಕಿತ್ತು.

"ಅಷ್ಟ ದಿನಾ ಯಾಕ ಕಾಯ್ತಿ? ಟ್ಯಾಕ್ಸಿ ಗಾಡಿದ ಹಾಕ್ಸು. ಎಲ್ಲಾ ಒಂದ ಐತಿ," ಎಂದೆ.

"ನೀ ಅಂದ್ರ ಮುಗೀತ್ ಬಿಡು," ಎಂದ.

ಒಂದರ ಮೇಲೊಂದು ಇಟ್ಟೆ. ತೂತುಗಳು ಹೊಂದಿದವು, ದಪ್ಪವೂ ಒಂದೇ ಕಂಡಿತು. ಕಾಣದೆ ಏನು? ಹಳೆಯದು ಸವೆದು ಸವೆದು ಟ್ಯಾಕ್ಸಿ ಡಿಸ್ಕಿನಷ್ಟು ತೆಳ್ಳಗಾಗಿತ್ತು. ಹೊಸದಿದ್ದಾಗ ಅದೆಷ್ಟು ದಪ್ಪವಿತ್ತು ಎಂದು ಕಂಪನಿಯ ಅಳತೆ ಪುಸ್ತಕ ತೆರೆದು ನೋಡಲು ನನ್ನ ಜಂಬ ಬಿಡಲಿಲ್ಲ.

ಎರಡು ವಾರದ ನಂತರ ಅವನು ಧಾರವಾಡದಿಂದ ಜೋರಾಗಿ ಬರುತ್ತಿದ್ದ. ಮತ್ತೆ ಮತ್ತೆ ಬ್ರೇಕ್ ಒತ್ತಿದ್ದಕ್ಕೆ ಆ ತೆಳು ಡಿಸ್ಕ್ ಬೇಗ ಕಾದುಹೋಗಿ, ರಾಯಾಪುರದ ಬಳಿ ಗಾಡಿ ನಿಲ್ಲಲೇ ಇಲ್ಲ. ಡಿವೈಡರಿಗೆ ಗುದ್ದಿತು. ಅವನ ಬಲ ಮೊಣಕಾಲು ಪುಡಿಯಾಯಿತು. ಈಗ ಅದು ಮಡಚುವುದಿಲ್ಲ. ಗಾಡಿ ಓಡಿಸುವುದು ಅವನ ಪಾಲಿಗೆ ಮುಗಿಯಿತು.

ಮರುವರ್ಷ ಕಂಪನಿಯೇ ಖರ್ಚು ಉಳಿಸಲು ಆ ಗಾಡಿಗೂ ಟ್ಯಾಕ್ಸಿಯ ತೆಳು ಡಿಸ್ಕನ್ನೇ ಹಾಕತೊಡಗಿತು. ಅಂಗಡಿಗೆ ಬಂದ ಹೊಸ ಡಿಸ್ಕಿನ ಪೆಟ್ಟಿಗೆ ಒಡೆದು ಅಳೆದು ನೋಡಿದೆ. ಹೇಳಲು ನಾಚಿಕೆಯಾಗುತ್ತದೆ, ನನಗೆ ಆ ದಿನ ಸಂತೋಷವಾಯಿತು. ತಪ್ಪಿಗೊಬ್ಬ ಪಾಲುದಾರ ಸಿಕ್ಕಂತಾಗಿತ್ತು.

ಈ ಸುದ್ದಿ ಅವನಿಗೂ ಮುಟ್ಟಿತ್ತು. ಮೊನ್ನೆ ಕೋಲೂರಿಕೊಂಡು ಅಂಗಡಿಗೆ ಬಂದ.

"ಕಂಪನಿಯವ್ರೂ ಅದನ್ನ ಹಾಕ್ತಾರಂತಲ್ಲ. ಅಂದ್ರ ಅವತ್ತ ಕಂಪನಿದ ತರಿಸಿದ್ರೂ ನನಗ ಹಿಂಗ ಆಗ್ತಿತ್ತು. ಹೌದಲ್ಲೋ?"

ಆಗ ಕಂಪನಿಯಿಂದ ದಪ್ಪನೆಯದೇ ಬರುತ್ತಿತ್ತು. ಒಂದು ತಿಂಗಳು ಕಾದಿದ್ದರೆ ಅವನ ಕಾಲು ಉಳಿಯುತ್ತಿತ್ತು. ಇದು ಅವನಿಗೆ ಗೊತ್ತಿಲ್ಲ, ನನಗೆ ಗೊತ್ತು.

"ಹೌದು, ಹಿಂಗ ಆಗ್ತಿತ್ತು," ಎಂದೆ.

"ಮತ್ತ? ನೀ ಮನಸ್ಸಿಗಿ ಹಚ್ಕೋಬ್ಯಾಡಪಾ," ಎಂದು, ಅಂಗಡಿಯ ಮೆಟ್ಟಿಲು ಇಳಿಯಲು ನನ್ನ ಹೆಗಲನ್ನೇ ಹಿಡಿದುಕೊಂಡ.