ನನ್ನನ್ನೇ ಕೇಳಿ, ಡಾಕ್ಟ್ರೇ

ಹುಟ್ಟಿನಿಂದಲೇ ಕಣ್ಣು ಕಾಣದ ಟೀಚರ್ ಇಪ್ಪತ್ತೆರಡು ವರ್ಷಗಳಿಂದ ಅಂಧ ಮಕ್ಕಳಿಗೆ ಬ್ರೈಲ್ ಕಲಿಸುತ್ತಿದ್ದರು. ಸ್ತನದ ಕ್ಯಾನ್ಸರ್ ಎಂದು ಗೊತ್ತಾದಾಗ ಗಟ್ಟಿಯಾಗಿಯೇ ಇದ್ದರು. ಆದರೆ ಐದನೇ ವಾರದ ಕೀಮೋ ಮುಗಿದ ಮೇಲೆ ಒಂದು ಬೆಳಿಗ್ಗೆ ತರಗತಿಯಲ್ಲಿ ಆ ಧೈರ್ಯ ಕುಸಿಯಿತು.

ಪಾಠ ಓದುತ್ತಿದ್ದಾಗ ಮುಂದಿನ ಬೆಂಚಿನ ಹುಡುಗಿ ಮೆಲ್ಲಗೆ ಹೇಳಿದಳು: "ಟೀಚರ್, ಅದು ಕನಸು ಅಲ್ಲ, ಮನಸು."

ಬ್ರೈಲಿನಲ್ಲಿ 'ಕ'ಗೂ 'ಮ'ಗೂ ಒಂದೇ ಒಂದು ಚುಕ್ಕಿಯ ವ್ಯತ್ಯಾಸ. ಆ ಚುಕ್ಕಿ ಬೆರಳಿಗೆ ಸಿಗಲೇ ಇಲ್ಲ. ಪುಟದ ಮೇಲೆ ಯಾರೋ ದಪ್ಪ ಬಟ್ಟೆ ಹಾಸಿದ ಹಾಗಿತ್ತು.

ಆ ವಾರವೆಲ್ಲ ಟೀಚರ್ ಯಾರಿಗೂ ಹೇಳದೆ ಬೆರಳುಗಳನ್ನು ಉಜ್ಜಿದರು, ಬಿಸಿನೀರಿನಲ್ಲಿ ಅದ್ದಿದರು. ಕೀಮೋದಿಂದಲೇ ಹೀಗಾಗಿದೆ ಎಂಬ ಅನುಮಾನ. ಡಾಕ್ಟರಿಗೆ ಹೇಳಿದರೆ ಔಷಧಿ ನಿಲ್ಲಿಸಿಬಿಟ್ಟಾರು, ಆಪರೇಷನ್ನಿನಲ್ಲಿ ತೆಗೆದ ಗಡ್ಡೆ ಮತ್ತೆ ತಲೆ ಎತ್ತೀತು. ಹೇಳದಿದ್ದರೆ ಇರುವ ಓದೂ ಹೋದೀತು. ಎತ್ತ ತಿರುಗಿದರೂ ಭಯವೇ.

ಆರನೇ ಕೀಮೋದ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಜೊತೆಗಿದ್ದ ತಂಗಿಗೆ ಎಲ್ಲವನ್ನೂ ಹೇಳಿದರು.

"ಅಕ್ಕ, ದೊಡ್ಡ ಡಾಕ್ಟ್ರು. ಎದುರು ಮಾತಾಡಿದ್ರೆ ಸಿಟ್ಟು ಬಂದು ಕೈಬಿಟ್ರೆ?"

ಟೀಚರಿಗೂ ಅದೇ ಅಳುಕು. ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ನಾಲ್ಕು ಸಲ ಹೇಳಿಕೊಂಡು ಒಳಗೆ ಹೋದರು.

ಡಾಕ್ಟರು ಎಂದಿನಂತೆ ತಂಗಿಯ ಕಡೆಯೇ ತಿರುಗಿ ಮಾತಾಡಿದರು. "ಅವರಿಗೆ ಊಟ ಸೇರುತ್ತಾ? ಕೈ ಜೋಮು ಹಿಡಿಯುತ್ತಾ? ಗುಂಡಿ ಹಾಕ್ಕೊಳ್ಳೋಕಾಗುತ್ತಾ?"

"ಜೋಮು ಸ್ವಲ್ಪ ಇದೆ ಸಾರ್. ಗುಂಡಿ ಹಾಕ್ಕೊಳ್ಳೋಕಾಗುತ್ತೆ," ಎಂದಳು ತಂಗಿ.

"ಹಾಗಾದ್ರೆ ಪರವಾಗಿಲ್ಲ. ಇದೆಲ್ಲ ಎಲ್ಲರಿಗೂ ಆಗೋದೇ." ಪೆನ್ನು ಸರಸರ ಓಡುವ ಸದ್ದು.

"ನನ್ನನ್ನೇ ಕೇಳಿ, ಡಾಕ್ಟ್ರೇ," ಎಂದರು ಟೀಚರ್. "ನಂಗೆ ಕಣ್ಣು ಕಾಣಲ್ಲ ಅಷ್ಟೇ, ಕಿವಿ ಚೆನ್ನಾಗೇ ಇದೆ."

ಚೀಲದಿಂದ ಪಾಠದ ಪುಸ್ತಕ ತೆಗೆದು ಮೇಜಿನ ಮೇಲೆ ಬಿಚ್ಚಿದರು. ಎರಡು ತಿಂಗಳ ಹಿಂದೆ ನೀರು ಕುಡಿದಷ್ಟು ಸಲೀಸಾಗಿ ಓದುತ್ತಿದ್ದ ಪುಟ. ಮೂರು ಪದ ಓದಿದರು. ನಾಲ್ಕನೆಯದರ ಮೇಲೆ ಬೆರಳು ಹೋಯಿತು, ಬಂತು, ಮತ್ತೆ ಹೋಯಿತು.

"ಇಲ್ಲಿ ಏನಿದೆ ಅಂತ ನಂಗೆ ಗೊತ್ತಾಗ್ತಿಲ್ಲ. ಗುಂಡಿ ಹಾಕೋಕೆ ಬರುತ್ತೆ. ಓದೋಕೆ ಬರ್ತಿಲ್ಲ."

ಪೆನ್ನು ನಿಂತಿತು. ಕುರ್ಚಿ ಮುಂದಕ್ಕೆ ಸರಿಯಿತು. ಈ ಸಲ ದನಿ ನೇರವಾಗಿ ಟೀಚರ್ ಕಡೆಗೇ ಬಂತು.

"ನೀವು ಬೆರಳಲ್ಲಿ ಓದ್ತೀರಿ ಅನ್ನೋದು ನನ್ನ ತಲೆಗೇ ಹೊಳೀಲಿಲ್ಲಮ್ಮ. ಇವತ್ತು ಈ ಔಷಧಿ ಬೇಡ. ಬೇರೆ ಇದೆ, ನರಕ್ಕೆ ಇಷ್ಟು ತೊಂದರೆ ಕೊಡಲ್ಲ."

"ಅದೂ ಇದರಷ್ಟೇ ಕೆಲಸ ಮಾಡುತ್ತಾ?"

"ಮಾಡುತ್ತೆ ಅಂತ ನಂಬಿದೀನಿ. ಖಾತ್ರಿ ಕೊಡೋಕಾಗಲ್ಲ."

"ಹೋಗಿರೋ ಸ್ಪರ್ಶ?"

"ಅದಕ್ಕೂ ಖಾತ್ರಿ ಇಲ್ಲ."

ಟೀಚರ್ ತಂಗಿಯ ಕೈ ಬಿಗಿಯಾಗಿ ಹಿಡಿದುಕೊಂಡರು. ಬದಲಿಸಿ ಎಂದರು.

ಇದಾಗಿ ಒಂದೂವರೆ ವರ್ಷ. ಮೊದಲಿಂದ ಓದುತ್ತಿದ್ದ ಎಡಗೈಯ ತೋರುಬೆರಳು ಇನ್ನೂ ಮಂಕಾಗಿದೆ; ಸ್ಪರ್ಶ ಮರಳಿದ ಬಲಗೈಯಲ್ಲಿ ಓದುವುದನ್ನು ಮಕ್ಕಳ ಹಾಗೆ ಹೊಸದಾಗಿ ಕಲಿತಿದ್ದಾರೆ. ಗಡ್ಡೆ ಮರಳಿಲ್ಲ. ಆದರೂ ತಪಾಸಣೆಯ ದಿನ ಬಂದರೆ ಟೀಚರ್ ಜೀವ ಕೈಯಲ್ಲಿ ಹಿಡಿದು ಕೂರುತ್ತಾರೆ. ಅಂದು ಔಷಧಿ ಬದಲಿಸಿದ್ದು ಸರಿಯೋ ತಪ್ಪೋ ಎಂದು ಪ್ರತಿ ಸಲವೂ ಡಾಕ್ಟರನ್ನು ಕೇಳುತ್ತಾರೆ. ಡಾಕ್ಟರೂ ಪ್ರತಿ ಸಲ, ಟೀಚರ್ ಕಡೆಗೇ ತಿರುಗಿ, ಇನ್ನೂ ಹೇಳಲಾಗದು ಎನ್ನುತ್ತಾರೆ.